ಎಲ್ಲ ಫೈಲಿಗೂ ಒಂದೇ ಗಡುವು ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಕಚೇರಿಯ ಕೆಲಸವನ್ನು ಹಂತಹಂತವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ವರ್ಕ್‌ಫ್ಲೋ ಸಾಫ್ಟ್‌ವೇರ್‌ನಲ್ಲಿ ಮನುಷ್ಯರು ಮಾಡಬೇಕಾದ ಕೆಲಸ ತಡವಾದರೆ ಅದು ಯಾವಾಗ ಮೇಲಿನವರಿಗೆ ಹೋಗಬೇಕು, ಆ ಸಮಯವನ್ನು ಯಾರು ಹೇಗೆ ಗೊತ್ತುಮಾಡಬೇಕು ಎಂಬುದು. ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿರುವ ನನಗೆ ಇದು ಮನಸ್ಸಿಗೆ ಬಹಳ ಹತ್ತಿರದ ವಿಷಯ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಐದಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ವಿಮಾ ಕ್ಲೇಮುಗಳ ಪರಿಶೀಲನೆಗೆ ನಾವು ವರ್ಕ್‌ಫ್ಲೋ ಬಳಸುತ್ತೇವೆ. ಪರಿಶೀಲಕರ ಯೂಸರ್ ಟಾಸ್ಕಿಗೆ, ಅಂದರೆ ಮನುಷ್ಯರೇ ಮಾಡಬೇಕಾದ ಹಂತಕ್ಕೆ, 8 ಗಂಟೆಯ ಟೈಮರ್ ಇದೆ, ಅಷ್ಟರಲ್ಲಿ ಮುಗಿಯದಿದ್ದರೆ ಮೇಲಧಿಕಾರಿಗೆ ಎಸ್ಕಲೇಟ್ ಆಗುತ್ತದೆ. ತುರ್ತು ಕ್ಲೇಮಿಗೆ 8 ಗಂಟೆ ಹೆಚ್ಚಾಯಿತು, ದೊಡ್ಡ ಕ್ಲೇಮಿಗೆ ಸಾಲದು. ಹಾಗಾಗಿ ಗಂಟೆಯನ್ನು ಒಂದು ವೇರಿಯಬಲ್‌ನಿಂದ ಓದುವಂತೆ ಮಾಡಿದೆ. ಆದರೆ ನಡುವೆ ಯಾರಾದರೂ ಕ್ಲೇಮನ್ನು ‘ತುರ್ತು’ ಎಂದು ಬದಲಾಯಿಸಿದರೆ ವೇರಿಯಬಲ್ ಬದಲಾಗುತ್ತದೆ, ಟೈಮರ್ ಮಾತ್ರ ಹಳೆಯ ಹೊತ್ತಿಗೇ ಹೊಡೆಯುತ್ತದೆ. ಏನು ತಪ್ಪಾಗಿದೆ?

ಉತ್ತರ: ವೇರಿಯಬಲ್ಲನ್ನು ಓದಲು ನೀವು ಬರೆದ ಎಕ್ಸ್‌ಪ್ರೆಷನ್ ಸರಿಯಾಗಿಯೇ ಇದೆ. ವರ್ಕ್‌ಫ್ಲೋವನ್ನು ಓಡಿಸುವ ಎಂಜಿನ್ ಅದನ್ನು ಯಾವಾಗ ಓದುತ್ತದೆ ಎಂಬುದರಲ್ಲಿದೆ ಗುಟ್ಟು. ಟಾಸ್ಕ್ ಹುಟ್ಟಿದ ಕ್ಷಣದಲ್ಲಿ ಅದು ಎಕ್ಸ್‌ಪ್ರೆಷನ್ನನ್ನು ಒಂದೇ ಒಂದು ಸಲ ಲೆಕ್ಕ ಹಾಕುತ್ತದೆ. ಬಂದ ಉತ್ತರವನ್ನು ಆಗಿನ ಹೊತ್ತಿಗೆ ಕೂಡಿಸಿ, ‘ಇಂಥ ದಿನ ಇಷ್ಟು ಗಂಟೆಗೆ’ ಎಂದು ಡೇಟಾಬೇಸಿನ ಒಂದು ಸಾಲಿನಲ್ಲಿ ಬರೆದಿಡುತ್ತದೆ. ಆಮೇಲೆ ಅದು ನೋಡುವುದು ಆ ಸಾಲನ್ನು ಮಾತ್ರ, ವೇರಿಯಬಲ್ ಕಡೆಗೆ ತಿರುಗುವುದೇ ಇಲ್ಲ. ಬೆಳಿಗ್ಗೆ 10ಕ್ಕೆ ಹುಟ್ಟಿದ ಟಾಸ್ಕಿಗೆ 8 ಗಂಟೆ ಎಂದಿದ್ದರೆ ಸಂಜೆ 6 ಎಂದು ಬರೆದಾಯಿತು. 3 ಗಂಟೆಗೆ ನೀವು ವೇರಿಯಬಲ್ಲನ್ನು 4ಕ್ಕೆ ಇಳಿಸಿದರೂ ಆ ಸಾಲಿನಲ್ಲಿ ಸಂಜೆ 6 ಎಂದೇ ಇರುತ್ತದೆ.

ಸರಿಪಡಿಸುವ ದಾರಿಗಳಿವೆ. ಆ ಸಾಲನ್ನೇ ತಿದ್ದುವುದು ಒಂದು. ಕಮುಂಡಾ 7 ಎಂಬ ಎಂಜಿನ್‌ನಲ್ಲಿ ಟೈಮರ್ ಜಾಬಿನ (ಆ ಸಾಲಿನ) ಡ್ಯೂ ಡೇಟನ್ನು, ಅಂದರೆ ಗಡುವಿನ ಹೊತ್ತನ್ನು, ನೇರವಾಗಿ ಬದಲಿಸಬಹುದು, ಇಲ್ಲವೇ ಮತ್ತೆ ಲೆಕ್ಕ ಹಾಕು ಎಂದು ಎಂಜಿನ್‌ಗೆ ಹೇಳಬಹುದು. ಮರುಲೆಕ್ಕ ಹೇಳುವಾಗ ಎಣಿಕೆ ಟೈಮರ್ ಹುಟ್ಟಿದ ಹೊತ್ತಿನಿಂದಲೋ ಈಗಿನಿಂದಲೋ ಎಂದು ತಿಳಿಸಬೇಕು. ಇಲ್ಲಿ ಸ್ವಲ್ಪ ನಿಧಾನಿಸಿ. ಮೇಲಿನ ಕ್ಲೇಮನ್ನೇ ತೆಗೆದುಕೊಂಡರೆ, 3 ಗಂಟೆಗೆ ‘ಈಗಿನಿಂದ 4 ಗಂಟೆ’ ಎಂದು ಎಣಿಸಿದಾಗ ಗಡುವು ಸಂಜೆ 7ಕ್ಕೆ ಹೋಗುತ್ತದೆ. ತುರ್ತು ಎಂದು ಗುರುತಿಸಿದ್ದರಿಂದ ಕ್ಲೇಮ್ ಇನ್ನೂ ಒಂದು ಗಂಟೆ ತಡವಾದಂತಾಯಿತು! ಹುಟ್ಟಿದ ಹೊತ್ತಿನಿಂದ ಎಣಿಸಿದರೆ ಗಡುವು 2 ಗಂಟೆಗೇ ಮುಗಿದುಹೋಗಿದೆ, ಟೈಮರ್ ಆ ಕ್ಷಣವೇ ಹೊಡೆಯುತ್ತದೆ, ಪರಿಶೀಲಕರಿಗೆ ಅದು ತುರ್ತಾಯಿತೆಂದು ತಿಳಿಯುವ ಮೊದಲೇ ಅವರ ಮೇಲೆ ದೂರು ಹೋಗಿರುತ್ತದೆ. ನಾನು ಟೈಮರ್ ಹುಟ್ಟಿದ ಹೊತ್ತಿನಿಂದಲೇ ಎಣಿಸುತ್ತೇನೆ, ಆದರೆ ಬದಲಾವಣೆಯಾದ ಮೇಲೆ ಕೆಲಸ ಮಾಡುವವರಿಗೆ ಕಡಿಮೆಯೆಂದರೆ 1 ಗಂಟೆ ಸಿಗಬೇಕೆಂದು ಒಂದು ತಳಮಿತಿ ಇಡುತ್ತೇನೆ. ಈ ಕ್ಲೇಮಿಗೆ ಆಗ ಗಡುವು ಸಂಜೆ 4ಕ್ಕೆ ಬರುತ್ತದೆ.

ಎಂಜಿನ್‌ನ ಒಳಗೆ ಕೈ ಹಾಕುವುದು ಬೇಡವೆನಿಸಿದರೆ ಪ್ರೊಸೆಸ್‌ನ ಹಂತಗಳನ್ನು ಬಿಡಿಸಿದ ಚಿತ್ರದಲ್ಲೇ ಮಾಡಬಹುದು. ಟಾಸ್ಕನ್ನು ಒಂದು ಸಬ್‌ಪ್ರೊಸೆಸ್ (ಪ್ರೊಸೆಸ್‌ನ ಒಳಗಿನ ಚಿಕ್ಕ ಪ್ರೊಸೆಸ್) ಒಳಗಿಡಿ. ಪಕ್ಕದಲ್ಲಿ ಇನ್ನೊಂದು ಕವಲು ಓಡಲಿ. ಆ ಕವಲು ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಕಾಯುತ್ತದೆ: ಟೈಮರ್, ಇಲ್ಲವೇ ‘ಆದ್ಯತೆ ಬದಲಾಗಿದೆ’ ಎಂಬ ಮೆಸೇಜ್. ಮೆಸೇಜ್ ಬಂದರೆ ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ, ಆಗ ಹೊಸ ವೇರಿಯಬಲ್‌ನೊಂದಿಗೆ ಹೊಸ ಟೈಮರ್ ಹುಟ್ಟುತ್ತದೆ. ಪರಿಶೀಲಕರ ಟಾಸ್ಕ್ ಅಲ್ಲಾಡುವುದಿಲ್ಲ. ಕೆಲಸ ಮುಗಿದಾಗ ಕಾಯುತ್ತಿರುವ ಕವಲೂ ನಿಲ್ಲಬೇಕು, ಅದಕ್ಕೆ ಟರ್ಮಿನೇಟ್ ಎಂಡ್ ಇಡುವುದನ್ನು ಮರೆಯಬೇಡಿ. ಅದು ಇಲ್ಲದಿದ್ದರೆ ಮುಗಿದ ಕ್ಲೇಮುಗಳ ಮೇಲೂ ಎಸ್ಕಲೇಷನ್ ಬರುತ್ತಿರುತ್ತದೆ. ಪ್ರತಿ 15 ನಿಮಿಷಕ್ಕೊಮ್ಮೆ ಎದ್ದು ಗಡುವನ್ನು ಪರೀಕ್ಷಿಸುವ ಟೈಮರ್ ಇಡುವವರೂ ಇದ್ದಾರೆ. ಕ್ಲೇಮುಗಳು ಕಡಿಮೆ ಇದ್ದರೆ ಅದೇ ಎಲ್ಲಕ್ಕಿಂತ ಸರಳ, ಸಾವಿರಾರು ಇದ್ದರೆ ಡೇಟಾಬೇಸಿಗೆ ಹೊರೆ.

ನಿಮಗೆ ಇನ್ನೂ ಮುಖ್ಯವಾದ ಮಾತು ಹೇಳಬೇಕಿದೆ. ವೇರಿಯಬಲ್‌ನಲ್ಲಿ ‘ಎಷ್ಟು ಗಂಟೆ’ ಎಂದು ಇಡಬೇಡಿ, ‘ಯಾವ ದಿನ ಎಷ್ಟು ಗಂಟೆಯೊಳಗೆ’ ಎಂಬ ದಿನಾಂಕವನ್ನೇ ಇಡಿ. ಇಂಥ ಚಿತ್ರಗಳನ್ನು ಬರೆಯುವ ಮಾನದಂಡವಾದ ಬಿಪಿಎಂಎನ್ 2.0ರಲ್ಲಿ ಟೈಮರಿಗೆ ಮೂರು ರೂಪಗಳಿವೆ: ದಿನಾಂಕ, ಅವಧಿ, ಆವರ್ತನ. ನಾವೆಲ್ಲ ಅಭ್ಯಾಸಬಲದಿಂದ ಅವಧಿಯನ್ನೇ ಆರಿಸುತ್ತೇವೆ. ಅವಧಿಗೆ ಹಿಂದಿನ ಕಥೆ ಗೊತ್ತಿಲ್ಲ. ಕ್ಲೇಮ್ ಹಿಂದಿನ ಹಂತಗಳಲ್ಲಿ ಮೂರು ದಿನ ಕಳೆದುಕೊಂಡು ಬಂದಿದ್ದರೂ ಪರಿಶೀಲಕರ ಮೇಜಿಗೆ ಬಂದಾಗ ಹೊಸದಾಗಿ 8 ಗಂಟೆ ಎಣಿಸಲು ಶುರುಮಾಡುತ್ತದೆ.

ನೀವು ಗ್ರಾಹಕರಿಗೆ ಕೊಟ್ಟ ಮಾತು 40 ಕೆಲಸದ ಗಂಟೆ ಎಂದುಕೊಳ್ಳೋಣ. ನೋಂದಣಿ, ದಾಖಲೆ ಎಂದು 26 ಗಂಟೆ ಹೋಗಿದೆ, ಉಳಿದದ್ದು 14. ಪರಿಶೀಲನೆಯ ನಂತರ ಹಣ ಪಾವತಿಗೆ 4 ಬೇಕು. ಹಾಗಾದರೆ ಪರಿಶೀಲಕರಿಗೆ ನಿಜವಾಗಿ ಇರುವುದು 10 ಗಂಟೆ. ಅರ್ಧಕ್ಕೆ, ಅಂದರೆ 5ನೇ ಗಂಟೆಗೆ, ಅವರಿಗೇ ಒಂದು ನೆನಪೋಲೆ. ಮುಕ್ಕಾಲಿಗೆ, ಏಳೂವರೆ ಗಂಟೆಗೆ, ಮೇಲಧಿಕಾರಿಗೆ ಸುದ್ದಿ. ಆಗ ಮೇಲಧಿಕಾರಿಯ ಕೈಯಲ್ಲಿ ಇನ್ನೂ ಎರಡೂವರೆ ಗಂಟೆ ಇರುತ್ತದೆ, ಬೇರೆಯವರಿಗೆ ಹಂಚಬಹುದು, ತಾವೇ ಕೂತು ಮುಗಿಸಬಹುದು. ಗಡುವು ಮುಗಿದ ಮೇಲೆ ಬಂದ ಎಸ್ಕಲೇಷನ್‌ನಿಂದ ಅವರು ಮಾಡುವುದೇನೂ ಉಳಿದಿರುವುದಿಲ್ಲ. ಇನ್ನೊಂದು ಕ್ಲೇಮ್ ಮೊದಲೇ 34 ಗಂಟೆ ಕಳೆದುಕೊಂಡು ಬಂದಿದ್ದರೆ ಪರಿಶೀಲಕರಿಗೆ 2 ಗಂಟೆ, ಮೇಲಧಿಕಾರಿಗೆ ಸುದ್ದಿ ಒಂದೂವರೆ ಗಂಟೆಗೆ. ಸೂತ್ರ ಅದೇ. 39 ಗಂಟೆ ಕಳೆದು ಬಂದದ್ದಕ್ಕೆ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅಂಥದ್ದಕ್ಕೆ ಟೈಮರ್ ಇಡಲೇಬೇಡಿ. ಕಳೆದುಹೋದ ಹೊತ್ತಿಗೆ ಇಟ್ಟ ಟೈಮರ್ ಹುಟ್ಟಿದ ತಕ್ಷಣ ಹೊಡೆಯುತ್ತದೆ. ಮೊದಲೇ ತಡವಾಗಿ ಬಂದ ಕ್ಲೇಮುಗಳಿಗೆ ಒಂದು ಬೇರೆ ಕ್ಯೂ ಮಾಡಿ, ಪರಿಶೀಲಕರ ಹೆಸರಿಗೆ ಅಂಟಿಸದೆ ಅಲ್ಲಿಗೆ ಕಳುಹಿಸಿ.

ಈ ಮುಕ್ಕಾಲು, ಅರ್ಧ, 4 ಗಂಟೆ ಎಂಬ ಅಂಕಿಗಳನ್ನು ಚಿತ್ರದೊಳಗೆ ಬರೆಯಬೇಡಿ. ಚಿತ್ರದ ಹೊಸ ಆವೃತ್ತಿ ಹಾಕಿದರೂ ಆಗಲೇ ಓಡುತ್ತಿರುವ ಇನ್‌ಸ್ಟನ್ಸ್‌ಗಳು (ಒಂದೊಂದು ಕ್ಲೇಮಿನ ಓಟ), ನೀವಾಗಿ ಹೊಸದಕ್ಕೆ ಮೈಗ್ರೇಟ್ ಮಾಡುವ ತನಕ, ಹಳೆಯ ಚಿತ್ರದಲ್ಲೇ ಮುಂದುವರಿಯುತ್ತವೆ. ಡಿಎಂಎನ್ ನಿರ್ಣಯ ಕೋಷ್ಟಕದಲ್ಲಿ, ಅಂದರೆ ಷರತ್ತು ಮತ್ತು ಉತ್ತರಗಳನ್ನು ಸಾಲುಸಾಲಾಗಿ ಬರೆಯುವ ಪಟ್ಟಿಯಲ್ಲಿ, ಇಟ್ಟರೆ ಕ್ಲೇಮಿನ ಬಗೆ, ಮೊತ್ತ, ಆದ್ಯತೆ ನೋಡಿ ಸಾಲು ಆರಿಸಬಹುದು, ವ್ಯವಹಾರ ಬಲ್ಲವರು ತಾವೇ ಓದಿ ತಿದ್ದಬಹುದು. ಕೊನೆಯಲ್ಲಿ ‘ಯಾವುದೂ ಹೊಂದದಿದ್ದರೆ’ ಎಂಬ ಸಾಲು ಕಡ್ಡಾಯವಾಗಿ ಇರಲಿ. ಇಲ್ಲದಿದ್ದರೆ ಎಂದಾದರೂ ಒಂದು ದಿನ ವೇರಿಯಬಲ್ ಖಾಲಿ ಬಂದು, ಟಾಸ್ಕ್ ಹುಟ್ಟುವ ಹೊತ್ತಿಗೆ ಎಕ್ಸ್‌ಪ್ರೆಷನ್ ಮುರಿದು, ಕ್ಲೇಮ್ ಯಾರ ಇನ್‌ಬಾಕ್ಸಿಗೂ ಬಾರದೆ ನಿಲ್ಲುತ್ತದೆ.

ಪ್ರಶ್ನೆ: ಯೂಸರ್ ಟಾಸ್ಕಿನಲ್ಲಿ ಡ್ಯೂ ಡೇಟ್ ತುಂಬಿದ್ದೇನೆ, ದಿನ ಕಳೆದರೂ ಎಸ್ಕಲೇಷನ್ ಆಗುತ್ತಿಲ್ಲ.

ಉತ್ತರ: ಕಮುಂಡಾದಂಥ ಎಂಜಿನ್‌ಗಳಲ್ಲಿ ಡ್ಯೂ ಡೇಟ್ ಬರೀ ಮಾಹಿತಿ. ಪಟ್ಟಿಯನ್ನು ವಿಂಗಡಿಸಲು, ಕೆಂಪು ಬಣ್ಣ ತೋರಿಸಲು ಅದು ಸಾಕು, ತಾನಾಗಿ ಏನನ್ನೂ ಹೊಡೆಯುವುದಿಲ್ಲ. ಟಾಸ್ಕಿನ ಅಂಚಿಗೆ ಟೈಮರ್ ಈವೆಂಟ್ ಅಂಟಿಸಿ, ಅದಕ್ಕೂ ಡ್ಯೂ ಡೇಟಿಗೂ ಒಂದೇ ವೇರಿಯಬಲ್ ಕೊಡಿ. ಆ ಟೈಮರ್ ಟಾಸ್ಕನ್ನು ಮುರಿಯದ ಬಗೆಯದಾಗಿರಲಿ, ಚಿತ್ರದಲ್ಲಿ ಅದರ ವೃತ್ತಕ್ಕೆ ಕಡಿಗೆರೆ ಇರುತ್ತದೆ. ಮುರಿಯುವ ಬಗೆ ಇಟ್ಟರೆ ಅರ್ಧ ತುಂಬಿದ ಫಾರ್ಮಿನ ಮುಂದೆ ಕೂತವರ ಕೈಯಿಂದ ಟಾಸ್ಕ್ ಕಿತ್ತುಹೋಗುತ್ತದೆ, ಬರೆದದ್ದೂ ಹೋಗುತ್ತದೆ. ಇನ್ನು, ಬಿಪಿಎಂಎನ್‌ನಲ್ಲಿ ‘ಎಸ್ಕಲೇಷನ್’ ಎಂಬ ಹೆಸರಿನದೇ ಒಂದು ಈವೆಂಟ್ ಇದೆ. ಒಳಗಿನ ಪ್ರೊಸೆಸ್ ಹೊರಗಿನದಕ್ಕೆ ಸುದ್ದಿ ಮುಟ್ಟಿಸಲು ಅದು, ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: 30 ನಿಮಿಷದ ಟೈಮರ್ ಇಟ್ಟಿದ್ದೇನೆ, ಎರಡು ದಿನವಾದರೂ ಹೊಡೆದಿಲ್ಲ. ಎರರ್ ಕೂಡ ಇಲ್ಲ.

ಉತ್ತರ: ನೀವು ಬರೆದದ್ದನ್ನು ನೋಡದೆಯೇ ಊಹಿಸುತ್ತೇನೆ: ಪಿ30ಎಂ ಎಂದು ಬರೆದಿದ್ದೀರಿ. ದಿನಾಂಕ, ಅವಧಿ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಪ್ರಕಾರ ‘ಎಂ’ ಅಕ್ಷರ ‘ಟಿ’ಗಿಂತ ಮುಂಚೆ ಬಂದರೆ ತಿಂಗಳು, ನಂತರ ಬಂದರೆ ನಿಮಿಷ. ನಿಮಗೆ ಬೇಕಾದದ್ದು ಪಿಟಿ30ಎಂ. ಈಗ ಇರುವುದು 30 ತಿಂಗಳು, ಎರಡೂವರೆ ವರ್ಷ. ಬರವಣಿಗೆ ನಿಯಮದ ಪ್ರಕಾರ ಸರಿಯಾಗಿಯೇ ಇರುವುದರಿಂದ ಎರರ್ ಬರಲು ಕಾರಣವೇ ಇಲ್ಲ.

ಇದನ್ನು ನಾನು ಮೊದಲ ಸಲ ಕಂಡದ್ದು ನಾನೇ ಬರೆದ ಪ್ರೊಸೆಸ್‌ನಲ್ಲಿ. ಮೂರು ವಾರ ಒಂದೂ ಎಸ್ಕಲೇಷನ್ ಬರಲಿಲ್ಲ. ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಎಲ್ಲರೂ ತಿಳಿದುಕೊಂಡೆವು. ಒಬ್ಬ ಗ್ರಾಹಕರು ಫೋನ್ ಮಾಡಿ ‘ನನ್ನ ಅರ್ಜಿ ಎಲ್ಲಿದೆ’ ಎಂದು ಕೇಳಿದ ಮೇಲೆ ಜಾಬ್ ಟೇಬಲ್ ತೆರೆದು ನೋಡಿದೆ, ಸಾಲುಗಟ್ಟಲೆ ಡ್ಯೂ ಡೇಟುಗಳು ಎರಡು ವರ್ಷ ದಾಟಿ ನಿಂತಿದ್ದವು. ಅಂದಿನಿಂದ ವೇರಿಯಬಲ್‌ಗೆ ಬೆಲೆ ಹೋಗುವ ಜಾಗದಲ್ಲೇ ಒಂದು ತಪಾಸಣೆ ಇಡುತ್ತೇನೆ: ಅವಧಿ 5 ನಿಮಿಷಕ್ಕಿಂತ ಕಡಿಮೆ ಇದ್ದರೆ ಅಥವಾ 30 ದಿನಕ್ಕಿಂತ ಹೆಚ್ಚಿದ್ದರೆ ಟಾಸ್ಕ್ ಹುಟ್ಟುವ ಮುನ್ನವೇ ತಡೆ. ನಿಮ್ಮ ಕೆಲಸಕ್ಕೆ ತಕ್ಕ ಮಿತಿ ನೀವು ಆರಿಸಿಕೊಳ್ಳಿ. ಮನುಷ್ಯರು ಟೈಪ್ ಮಾಡುವ ಜಾಗದಲ್ಲಿ ಬರೀ ಅಂಕಿ ಮತ್ತು ‘ನಿಮಿಷ, ಗಂಟೆ, ದಿನ’ ಎಂಬ ಆಯ್ಕೆ ಕೊಟ್ಟು, ಪಿ-ಟಿ ಅಕ್ಷರಗಳನ್ನು ಕೋಡೇ ಜೋಡಿಸಲಿ.

ಇದೇ ಪತ್ರದಲ್ಲಿ ರಜಾದಿನಗಳ ಬಗ್ಗೆಯೂ ಕೇಳಿದ್ದೀರಿ. ಸಾಮಾನ್ಯ ಟೈಮರಿಗೆ ರಜೆ ಎಂಬುದು ತಿಳಿಯದು. ವಾರದ ಕೊನೆಯ ದಿನ ಸಂಜೆ 5ಕ್ಕೆ ಹುಟ್ಟಿದ ಟಾಸ್ಕಿನ 8 ಗಂಟೆ ನಡುರಾತ್ರಿ 1ಕ್ಕೆ ಮುಗಿಯುತ್ತದೆ. ಜೆಬಿಪಿಎಂ ಎಂಬ ಇನ್ನೊಂದು ಎಂಜಿನ್‌ನಲ್ಲಿ ಬಿಸಿನೆಸ್ ಕ್ಯಾಲೆಂಡರ್ ಎಂಬ ಸೌಲಭ್ಯ ಇದೆ. ನೀವು ಏನೂ ಬದಲಿಸದಿದ್ದರೆ ವಾರಕ್ಕೆ 5 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿಯುತ್ತದೆ. ರಜೆಗಳ ಪಟ್ಟಿ, ಟೈಮ್ ಝೋನ್ ನೀವೇ ಕೊಡಬೇಕು. ಅಂಥ ಸೌಲಭ್ಯ ಇಲ್ಲದ ಕಡೆ ಕ್ಯಾಲೆಂಡರ್ ಲೆಕ್ಕವನ್ನು ಒಂದು ಸಣ್ಣ ಸರ್ವಿಸ್‌ನಲ್ಲಿ ಮಾಡಿ, ಬಂದ ಅಂತಿಮ ದಿನಾಂಕವನ್ನೇ ಟೈಮರಿಗೆ ಕೊಡಿ. ಮೊದಲ ಉತ್ತರದಲ್ಲಿ ದಿನಾಂಕದ ಪರವಾಗಿ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾನು ವಿಭಾಗದ ಮುಖ್ಯಸ್ಥ. ನನಗೆ ದಿನಕ್ಕೆ ನೂರಕ್ಕೂ ಹೆಚ್ಚು ಎಸ್ಕಲೇಷನ್ ಮೇಲ್ ಬರುತ್ತವೆ. ಓದಲು ಆಗುತ್ತಿಲ್ಲ. ಸಮಯ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸಂಖ್ಯೆ ಕಡಿಮೆಯಾಗುತ್ತದೆ, ತಡವಾಗುವ ಕೆಲಸ ಕಡಿಮೆಯಾಗುವುದಿಲ್ಲ. ಮೊದಲು ಒಂದು ವಾರದ ಮೇಲ್‌ಗಳನ್ನು ತೆಗೆದು ಕೂರಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಬಂದಾಗ ನಾನು ಏನಾದರೂ ಮಾಡಬಹುದಿತ್ತೇ? ಇಲ್ಲ ಎಂದಾದರೆ ಅದು ನಿಮಗೆ ಬರಬೇಕಾದದ್ದಲ್ಲ, ಕೆಲಸ ಹಿಡಿದಿರುವವರಿಗೆ ನೆನಪೋಲೆಯಾಗಿ ಹೋಗಬೇಕು, ಇಲ್ಲವೇ ಸಂಜೆಯ ಒಂದೇ ಪಟ್ಟಿಯಲ್ಲಿ ಸೇರಬೇಕು. ಮೇಲ್ ಹೋಗುವ ಮುನ್ನ ಟಾಸ್ಕ್ ಇನ್ನೂ ತೆರೆದೇ ಇದೆಯೇ ಎಂದು ಇನ್ನೊಮ್ಮೆ ನೋಡುವ ಷರತ್ತನ್ನೂ ಹಾಕಿಸಿ. ಸರ್ವರ್ ಕೆಲವು ಗಂಟೆ ನಿಂತು ಮತ್ತೆ ಎದ್ದಾಗ ಅಷ್ಟು ಹೊತ್ತು ಬಾಕಿ ಉಳಿದ ಟೈಮರ್‌ಗಳೆಲ್ಲ ಒಟ್ಟಿಗೆ ಹೊಡೆಯುತ್ತವೆ, ಆ ಬೆಳಿಗ್ಗೆಯ ಮೇಲ್‌ಗಳಿಗೂ ಜನರ ಕೆಲಸಕ್ಕೂ ಸಂಬಂಧವಿರುವುದಿಲ್ಲ.

ನೀವು ರಜೆಯಲ್ಲಿದ್ದಾಗ ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ವಿಚಾರಿಸಿ. ಸಮಯವನ್ನು ಡೈನಮಿಕ್ ಮಾಡಿದ ಅನೇಕರು ವಿಳಾಸವನ್ನು ಒಬ್ಬರ ಹೆಸರಿಗೇ ಕಟ್ಟಿಹಾಕಿ ಬಿಟ್ಟಿರುತ್ತಾರೆ.

ಪ್ರಶ್ನೆ: ನಾನು ತಂತ್ರಜ್ಞೆ ಅಲ್ಲ, ಪರಿಶೀಲಕಿ. ಗ್ರಾಹಕರಿಂದ ದಾಖಲೆ ಬರಲು ಕಾಯುತ್ತಿರುವಾಗಲೂ ಸಮಯ ಓಡುತ್ತಲೇ ಇರುತ್ತದೆ. ನನ್ನ ತಪ್ಪಿಲ್ಲದೆ ನನ್ನ ಹೆಸರಿನ ಮುಂದೆ ‘ಗಡುವು ಮೀರಿದೆ’ ಎಂದು ಬರುತ್ತದೆ. ಇದನ್ನು ಬದಲಿಸಲು ಸಾಧ್ಯವೇ, ಅಥವಾ ಸಾಫ್ಟ್‌ವೇರ್ ಇರುವುದೇ ಹಾಗೆಯೇ?

ಉತ್ತರ: ಸಾಧ್ಯ, ಬದಲಿಸಲೇಬೇಕು. ನಿಮ್ಮ ಪತ್ರ ಓದಿ ನನಗೆ ಒಬ್ಬರ ನೆನಪಾಯಿತು.

ಕೆಲವು ವರ್ಷಗಳ ಹಿಂದೆ, ಒಂದು ಕಚೇರಿಯಲ್ಲಿ ಎಸ್ಕಲೇಷನ್ ಸಮಯ ಗೊತ್ತುಮಾಡುವ ಮೊದಲು, ಪರಿಶೀಲನೆ ಮಾಡುವ ಒಬ್ಬ ಮಹಿಳೆಯ ಪಕ್ಕದಲ್ಲಿ ಇಡೀ ದಿನ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬಂದ ತಕ್ಷಣ ಅವರು ಮಾಡಿದ ಕೆಲಸ ಎಂದರೆ, ಕ್ಯೂನಲ್ಲಿದ್ದ 14 ಟಾಸ್ಕುಗಳನ್ನು ಒಂದಾದ ಮೇಲೊಂದು ತೆರೆದು ತಮ್ಮ ಹೆಸರಿಗೆ ಹಾಕಿಕೊಂಡು ‘ಪ್ರಾರಂಭಿಸು’ ಒತ್ತಿದ್ದು. ಯಾವುದನ್ನೂ ಓದಲಿಲ್ಲ. ಯಾಕೆ ಎಂದು ಕೇಳಿದೆ. “ಒತ್ತಿದರೆ ಮೊದಲನೇ ಗಡಿಯಾರ ನಿಲ್ಲುತ್ತದೆ ಸರ್” ಎಂದರು. ಅವರು ಹೇಳಿದ್ದು ನಿಜ. ಮನುಷ್ಯರು ಮಾಡುವ ಟಾಸ್ಕುಗಳಿಗೆಂದೇ ಇರುವ ಡಬ್ಲ್ಯುಎಸ್-ಹ್ಯೂಮನ್‌ಟಾಸ್ಕ್ ಮಾನದಂಡದಲ್ಲೇ ಎರಡು ಗಡುವುಗಳಿವೆ, ಕೆಲಸ ಶುರುಮಾಡಲು ಒಂದು, ಮುಗಿಸಲು ಒಂದು. ಶುರುಮಾಡಿದ ಕೂಡಲೇ ಮೊದಲನೆಯದು ರದ್ದಾಗುತ್ತದೆ. ಆದರೆ ಆ 14 ಟಾಸ್ಕುಗಳು ಅವರ ಹೆಸರಿಗೆ ಹೋದದ್ದರಿಂದ, ಪಕ್ಕದ ಮೇಜಿನಲ್ಲಿ ಬಿಡುವಾಗಿದ್ದ ಇಬ್ಬರಿಗೆ ಅವು ಕಾಣಿಸಲೇ ಇಲ್ಲ.

ಕೀಬೋರ್ಡಿನ ಎಡಗಡೆ ಅವರದೊಂದು ನೋಟ್‌ಬುಕ್ ಇತ್ತು. ಸ್ಕೇಲಿಟ್ಟು ಗೆರೆ ಎಳೆದು ಎರಡು ಕಾಲಂ ಮಾಡಿದ್ದರು. ಒಂದರಲ್ಲಿ ದಾಖಲೆ ಕೇಳಿದ ಹೊತ್ತು, ಇನ್ನೊಂದರಲ್ಲಿ ದಾಖಲೆ ಬಂದ ಹೊತ್ತು. ತಿಂಗಳ ಕೊನೆಯಲ್ಲಿ ತಡವಾದ ಪಟ್ಟಿ ಬಂದಾಗ ತೋರಿಸಲು. ಸಾಫ್ಟ್‌ವೇರ್ ಬರೆದಿಡಬೇಕಾಗಿದ್ದ ಲೆಕ್ಕವನ್ನು ಅವರು ಪೆನ್ನಿನಲ್ಲಿ ಬರೆಯುತ್ತಿದ್ದರು. ಆ ಎರಡು ಕಾಲಂಗಳೇ ನನಗೆ ಅಂದು ಇಡೀ ವಿನ್ಯಾಸ ಕೊಟ್ಟವು. ಅವರ ಅನುಮತಿ ಕೇಳಿ ಆ ಪುಟದ ಫೋಟೊ ತೆಗೆದುಕೊಂಡು ಬಂದೆ.

ಹಾಗಾಗಿ ನಿಮ್ಮ ತಾಂತ್ರಿಕ ತಂಡಕ್ಕೆ ಇದನ್ನು ತೋರಿಸಿ. ಟಾಸ್ಕನ್ನು ‘ತಡೆಹಿಡಿ’ ಎಂದರೆ ಸಾಕು ಎಂದು ಅವರು ಹೇಳಬಹುದು. ಸಾಲದು. ಕಮುಂಡಾದಲ್ಲಿ ತಡೆಹಿಡಿದ ಟೈಮರ್ ಆ ಅವಧಿಯಲ್ಲಿ ಹೊಡೆಯುವುದಿಲ್ಲ ನಿಜ, ಆದರೆ ಅದರ ಡ್ಯೂ ಡೇಟ್ ಮುಂದಕ್ಕೆ ಸರಿಯುವುದೂ ಇಲ್ಲ. ದಾಖಲೆ ಎರಡು ದಿನ ಬಿಟ್ಟು ಬಂದರೆ, ಮತ್ತೆ ಚಾಲೂ ಮಾಡಿದ ಕೂಡಲೇ ಹೊಡೆಯುತ್ತದೆ. ಸರಿಯಾದ ದಾರಿ ಹೀಗೆ: ನೀವು ದಾಖಲೆ ಕೇಳಿದಾಗ ನಿಮ್ಮ ಟಾಸ್ಕ್ ‘ದಾಖಲೆ ಬೇಕಾಗಿದೆ’ ಎಂಬ ಫಲಿತಾಂಶದೊಂದಿಗೆ ಮುಗಿಯಬೇಕು. ಪ್ರೊಸೆಸ್ ಗ್ರಾಹಕರಿಗಾಗಿ ಕಾಯುವ ಬೇರೆ ಹಂತಕ್ಕೆ ಹೋಗಬೇಕು. ಅಲ್ಲಿಯೂ ಟೈಮರ್ ಇರಲಿ, ಆದರೆ ಅದು ನೆನಪಿಸುವುದು ಗ್ರಾಹಕರನ್ನು. ದಾಖಲೆ ಬಂದ ಮೇಲೆ ನಿಮ್ಮ ಹೆಸರಿಗೇ ಹೊಸ ಟಾಸ್ಕ್ ಹುಟ್ಟಬೇಕು, ಕಾದ ಹೊತ್ತನ್ನು ಒಟ್ಟು ಗಡುವಿಗೆ ಕೂಡಿಸಿ ಹೊಸ ದಿನಾಂಕ ಲೆಕ್ಕ ಹಾಕಬೇಕು. ಕೇಳಿದ ಹೊತ್ತು, ಬಂದ ಹೊತ್ತು ಎರಡೂ ಪ್ರೊಸೆಸ್ ವೇರಿಯಬಲ್‌ಗಳಾಗಿ ಉಳಿಯಬೇಕು, ತಿಂಗಳ ವರದಿಯಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲೇ ಕಾಣಬೇಕು.

ಅದು ಆಗುವ ತನಕ ನೀವೂ ದಾಖಲೆ ಕೇಳಿದ ಹೊತ್ತು ಮತ್ತು ಬಂದ ಹೊತ್ತನ್ನು ಬರೆದಿಡಿ. ಎರಡು ವಾರದ್ದು ಸಾಕು. ಮುಂದಿನ ಸಭೆಗೆ ಆ ಹಾಳೆಯನ್ನು ತೆಗೆದುಕೊಂಡು ಹೋಗಿ, ಕಾದ ಗಂಟೆಗಳನ್ನು ಕಳೆದ ಮೇಲೆ ನಿಮ್ಮ ಕೈಯಲ್ಲಿ ಕ್ಲೇಮ್ ಎಷ್ಟು ಹೊತ್ತು ಇತ್ತು ಎಂಬ ಅಂಕಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.